ಹೊತ್ತು ಕಂತುವ ಮುನ್ನ ಒಂದು ಸೂಜಿಮದ್ದು

ಭವ್ಯಶ್ರೀ ರೋಗಿಯ ಮನೆಗೆ ಹೋದರೆ ಮೊದಲು ರೋಗವನ್ನು ವಿಚಾರಿಸುವವಳಲ್ಲ. ಚೀಲವನ್ನು ಜಗಲಿಯ ಮೇಲಿಟ್ಟು, ಕೈಕಾಲು ತೊಳೆದು, ಹಾಸಿಗೆಯ ಪಕ್ಕದಲ್ಲಿ ಕುಳಿತು, "ನಿನ್ನೆ ಎದ್ದಲ್ಲಿಂದ ಮಲಗುವವರೆಗೆ ಎಂತೆಲ್ಲ ಆಯ್ತು, ಒಂದೊಂದೇ ಹೇಳಿ ನೋಡುವ" ಎಂದು ಕೇಳುವಳು. ಕೆಲವರು ನಗುವರು, ಕೆಲವರು ಸಿಡುಕುವರು. ನಿನ್ನೆಯದು ಬಿಟ್ಟು ನಲವತ್ತು ವರ್ಷದ ಹಿಂದಿನದನ್ನು ಹೇಳತೊಡಗುವವರೂ ಉಂಟು. ಆಕೆ ಎಲ್ಲವನ್ನೂ ಕೇಳುವಳು. "ಅವರ ಅತ್ತೆಯ ಜಗಳ ಕೇಳ್ಲಿಕ್ಕೆ ಸಂಸ್ಥೆಯವರು ನಿನಗೆ ಸಂಬಳ ಕೊಡುವುದಾ ಮಾರಾಯ್ತಿ?" ಎಂದು ಗಂಡ ದಯಾನಂದ ಹಾಸ್ಯಮಾಡಿದರೆ, "ಆ ಜಗಳದಿಂದಲೇ ಅವರು ಮಧ್ಯಾಹ್ನದ ಮಾತ್ರೆ ಬಿಟ್ಟದ್ದು ಅಂತ ಗೊತ್ತಾಯ್ತು" ಎಂದು ಉತ್ತರಿಸುವಳು.

ಮಾಣಿ ಎಂಬ ಊರಿನಿಂದ ಒಳಕ್ಕೆ ಹೋದ ಗುಡ್ಡದ ಮನೆಯೊಂದರ ಮಗಳು ಆಕೆ. ತಂದೆ ರುಕ್ಮಯ್ಯನವರಿಗೆ ಮಗಳನ್ನು ಶಾಲೆಯ ಉಪಾಧ್ಯಾಯಿನಿಯಾಗಿ ನೋಡುವ ಆಸೆಯಿತ್ತು. ಅವಳು ದಾದಿಯ ಓದನ್ನು ಆರಿಸಿಕೊಂಡಳು. ಮಂಗಳೂರಿನಲ್ಲಿ ತೀವ್ರ ನಿಗಾ ಘಟಕದಲ್ಲಿ ಕೆಲವು ಕಾಲ ದುಡಿದಳು. ಅಲ್ಲಿ ರೋಗಿಯ ದೇಹದೊಳಗೆ ನಡೆಯುವುದೆಲ್ಲ ಯಂತ್ರದ ಮುಖದ ಮೇಲೆ ಅಂಕಿಗಳಾಗಿ ಓಡುತ್ತಿತ್ತು, ರೋಗಿಯನ್ನು ಕೇಳಬೇಕಾದ ಪ್ರಸಂಗವೇ ಕಡಿಮೆ. ಮದುವೆಯಾಗಿ ಬೆಳ್ತಂಗಡಿಗೆ ಬಂದ ಮೇಲೆ, ಬಹುಕಾಲದ ರೋಗಗಳುಳ್ಳ ವೃದ್ಧರ ಮನೆಗಳಿಗೆ ದಾದಿಯರನ್ನು ಕಳುಹಿಸುವ ಸೇವಾಸಂಸ್ಥೆಯೊಂದನ್ನು ಸೇರಿದಳು. ಇಲ್ಲಿ ಯಂತ್ರವಿರಲಿಲ್ಲ, ಅದರ ಸ್ಥಾನದಲ್ಲಿ ಒಂದು ಅಡುಗೆಮನೆ, ಒಂದು ಹಾಸಿಗೆ, ಹಾಗೂ ಬೇರೆ ಬೇರೆ ವೈದ್ಯರು ಬೇರೆ ಬೇರೆ ಕಾಲದಲ್ಲಿ ಕೊಟ್ಟ ಮಾತ್ರೆಗಳಿದ್ದವು. ಒಬ್ಬ ವೃದ್ಧರಿಗೆ ನಾಲ್ಕು ರೋಗಗಳಿದ್ದರೆ ನಾಲ್ಕು ಚಿಕಿತ್ಸೆಗಳನ್ನು ಕೂಡಿಸಿದ ಮಾತ್ರಕ್ಕೆ ಆರೈಕೆಯಾಗದೆಂಬುದನ್ನು ಆಕೆ ಬಹಳ ಬೇಗ ಅರಿತುಕೊಂಡಳು. ಅವೆಲ್ಲವೂ ಒಂದೇ ದಿನದೊಳಗೆ, ಒಂದೇ ಹೊಟ್ಟೆಯೊಳಗೆ, ಒಬ್ಬಳೇ ಸೊಸೆಯ ಎರಡು ಕೈಗಳೊಳಗೆ ಹಿಡಿಯಬೇಕು.

ಹೀಗಿದ್ದ ಭವ್ಯಶ್ರೀ ಒಂದು ಮನೆಯಲ್ಲಿ ಮಾತ್ರ ತನ್ನ ಆ ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದಳು. ಅದು ವೇಣೂರಿನ ಪ್ರಭಾವತಿಯಮ್ಮನವರ ಮನೆ.

ಪ್ರಭಾವತಿಯಮ್ಮ ಎಂಬತ್ತರ ಸಮೀಪದ ಜೈನ ಗೃಹಿಣಿ. ಮಧುಮೇಹ ಬಹಳ ಹಳೆಯದು. ಹೃದಯದ ಬಲ ಕುಂದಿ, ನೀರು ಹೆಚ್ಚಾದರೆ ಕಾಲು ಬಾತು ಉಸಿರು ಕಟ್ಟುತ್ತಿತ್ತು. ಮೂತ್ರಪಿಂಡಗಳು ದಣಿದಿದ್ದವು, ಮೊಣಕಾಲುಗಳ ಮಾತಂತೂ ಕೇಳುವುದೇ ಬೇಡ. ಇಷ್ಟೆಲ್ಲದರ ನಡುವೆಯೂ ಪ್ರಾತಃಕಾಲ ಗೋಡೆ ಹಿಡಿದು ನಡೆದು, ಸ್ನಾನ ಮುಗಿಸಿ, ಮನೆಯ ಎದುರಿನ ದಾರಿಯಲ್ಲೇ ಇರುವ ಬಸದಿಗೆ ಹೋಗಿ ಕೈಮುಗಿದಲ್ಲದೆ ಅವರು ಬಾಯಿಗೆ ಏನನ್ನೂ ಹಾಕುವವರಲ್ಲ. ಗಂಡ ತೀರಿಕೊಂಡ ವರ್ಷ ಮುನಿಗಳೊಬ್ಬರ ಸನ್ನಿಧಿಯಲ್ಲಿ ಅವರು ರಾತ್ರಿಭೋಜನತ್ಯಾಗದ ವ್ರತವನ್ನು ಸ್ವೀಕರಿಸಿದ್ದರು. ಕತ್ತಲೆಯಲ್ಲಿ ಉಣ್ಣುವಾಗ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಗೆ ಹಿಂಸೆಯಾಗುವುದೆಂಬ ಕಾರುಣ್ಯದಿಂದ ಹುಟ್ಟಿದ ನಿಯಮವದು. ಹೊತ್ತು ಕಂತಿದ ಮೇಲೆ ಮರುದಿನ ಸೂರ್ಯೋದಯದವರೆಗೆ ಅವರ ನಾಲಿಗೆಗೆ ಅನ್ನವಿಲ್ಲ, ನೀರಿಲ್ಲ, ಮಾತ್ರೆಯೂ ಇಲ್ಲ. ಮಗ ಸುಕುಮಾರನಿಗೆ ಆ ವ್ರತವಿರಲಿಲ್ಲ. ಬಸ್‌ಸ್ಟಾಂಡಿನ ಬಳಿಯ ತನ್ನ ದಿನಸಿ ಅಂಗಡಿಯ ಬಾಗಿಲು ಹಾಕಿ ಎಂಟು ಗಂಟೆಗೆ ಬಂದು ಉಣ್ಣುತ್ತಿದ್ದ. ಅಮ್ಮನ ವ್ರತಕ್ಕೆ ಮಾತ್ರ ಆತ ಒಂದು ದಿನವೂ ಅಡ್ಡಿಯಾದವನಲ್ಲ.

ಭವ್ಯಶ್ರೀ ಮೊದಲ ಸಲ ಬಂದ ದಿನ ಪ್ರಭಾವತಿಯಮ್ಮ ನೋಂಪಿಯೆಂಬ ವ್ರತದ ಮೌನದಲ್ಲಿದ್ದರು. ಪ್ರಶ್ನೆಗಳಿಗೆಲ್ಲ ಸೊಸೆ ಅಕ್ಷಯಾ ಉತ್ತರ ಕೊಟ್ಟಳು. ರಾತ್ರಿಯ ಊಟ ಸೂರ್ಯಾಸ್ತಕ್ಕೆ ಮೊದಲೇ ಆಗುವುದೆಂದಳು. ಅದು ಆ ಸೀಮೆಯಲ್ಲಿ ಯಾರಿಗೂ ಹೇಳಿ ತಿಳಿಸಬೇಕಾದ ಸಂಗತಿಯಲ್ಲ. ರಾತ್ರಿಯ ಮಾತ್ರೆಗಳನ್ನೂ ಅಷ್ಟರೊಳಗೇ ಕೊಟ್ಟು ಮುಗಿಸುತ್ತೇವೆ ಎಂದಳು. ಭವ್ಯಶ್ರೀ ಅದನ್ನೆಲ್ಲ ಬರೆದುಕೊಂಡು, ಮಾತ್ರೆಗಳನ್ನು ವಿಂಗಡಿಸಿಕೊಟ್ಟು ಹೊರಟಳು. ಅನಂತರದ ಭೇಟಿಗಳೆಲ್ಲ ಬೆಳಗಿನ ಅವಸರದಲ್ಲೇ ನಡೆದವು.

ಮಳೆಗಾಲ ಹಿಡಿಯುವ ಹೊತ್ತಿಗೆ ಪ್ರಭಾವತಿಯಮ್ಮನಿಗೆ ಒಂದು ವಿಚಿತ್ರವಾದ ಅವಸ್ಥೆ ತೋರತೊಡಗಿತು. ಕೆಲವು ಬೆಳಗುಗಳಲ್ಲಿ ಅವರು ಬೆವರಿ ನೆನೆದು, ಮಂಕಾಗಿ, ಸೊಸೆಯನ್ನು ಯಾರೋ ಎಂಬಂತೆ ನೋಡುವರು. ಒಮ್ಮೆ ಹಾಸಿಗೆಯ ಬದಿಯಲ್ಲಿ ಬಿದ್ದಿದ್ದರು. ಹೊತ್ತು ಮೂಡಿ, ಕುಳಿತಲ್ಲೇ ಬಸದಿಯತ್ತ ಕೈಮುಗಿಸಿ ಅಕ್ಷಯಾ ಸಕ್ಕರೆ ಹಾಕಿದ ಕಾಫಿ ಕುಡಿಸಿದ ಮೇಲೆ ಮೆಲ್ಲನೆ ಸರಿಯಾಗುವರು. ಆಸ್ಪತ್ರೆ ಮುಟ್ಟಿ ರಕ್ತ ಪರೀಕ್ಷಿಸುವಷ್ಟರಲ್ಲಿ ಸಕ್ಕರೆ ಏರಿಯೇ ಇರುತ್ತಿತ್ತು, ಇಳಿದಿರುತ್ತಿರಲಿಲ್ಲ. ಮಂಗಳೂರಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದ್ದಾಯಿತು, ಅಲ್ಲಿಯೂ ಏನೂ ಕಾಣಲಿಲ್ಲ. ವಯಸ್ಸಿನ ಮರೆವಿನ ಆರಂಭವಿರಬಹುದು, ರಾತ್ರಿ ಪಕ್ಕದಲ್ಲಿ ತರಬೇತಾದವರು ಇರಬೇಕು ಎಂದು ಅಲ್ಲಿಯವರು ಸೂಚಿಸಿದರು. ಸುಕುಮಾರ ಹೆದರಿದ. ಮೂಡುಬಿದಿರೆಯಲ್ಲಿ ವೃದ್ಧರನ್ನು ಇರಿಸಿಕೊಂಡು ಹಗಲಿರುಳು ನೋಡಿಕೊಳ್ಳುವ ಒಂದು ಆರೈಕೆಮನೆಯನ್ನು ವಿಚಾರಿಸಿ, ಅಲ್ಲಿ ತೆರವಾಗಲಿದ್ದ ಕೋಣೆಯೊಂದನ್ನು ಅಮ್ಮನಿಗಾಗಿ ಹೇಳಿಯೂ ಬಂದ.

ಆ ವಾರ ಭವ್ಯಶ್ರೀ ಬಂದಾಗ ಅವನು ಅಂಗಡಿಗೆ ಹೋಗದೆ ಕಾದಿದ್ದ.

"ಸಿಸ್ಟರ್, ನನಗೂ ಮನಸ್ಸಿಲ್ಲ. ಆದ್ರೆ ಹೀಗೇ ಒಂದು ದಿನ ಬಿದ್ದು ತಲೆ ಒಡೆದ್ರೆ? ಅಲ್ಲಿ ರಾತ್ರಿಯೂ ನರ್ಸ್ ಇರ್ತಾರೆ."

"ಅಮ್ಮ ಎಂತ ಹೇಳ್ತಾರೆ ಸುಕುಮಾರಣ್ಣ?"

ಒಳಗಿನಿಂದ ಪ್ರಭಾವತಿಯಮ್ಮನೇ ಉತ್ತರವಿತ್ತರು. "ಅಮ್ಮ ಎಂತ ಹೇಳುವುದು? ಅಲ್ಲಿ ಏಳೂವರೆಗೆ ಎಲ್ಲರನ್ನೂ ಸಾಲಾಗಿ ಕೂರಿಸಿ ಉಣ್ಣಲಿಕ್ಕೆ ಹಾಕ್ತಾರಂತೆ. ಒಬ್ಬಳಿಗೆ ಬೇರೆ ಒಲೆ ಹಚ್ಚಲಿಕ್ಕೆ ಆಗುದಿಲ್ಲವಂತೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ವ್ರತವನ್ನು ಆ ಸಾಲಿನಲ್ಲಿ ಕೂತು ಬಿಡಬೇಕು, ಅಷ್ಟೇ."

ಆ ಮಾತಿನಲ್ಲಿ ದೂರಿರಲಿಲ್ಲ. ಆದುದರಿಂದಲೇ ಅದು ಭವ್ಯಶ್ರೀಯ ಮನಸ್ಸನ್ನು ಹೆಚ್ಚು ತಟ್ಟಿತು. ಆಕೆ ಒಳಗೆ ಹೋಗಿ ಮಂಚದ ಬಳಿ ಕುಳಿತಳು. ತಾನು ಈ ಮನೆಯಲ್ಲಿ ಎಂದೂ ಕೇಳದಿದ್ದುದನ್ನು ಆಗ ಕೇಳಿದಳು.

"ಅಮ್ಮ, ನಿನ್ನೆ ಎದ್ದಲ್ಲಿಂದ ಮಲಗುವವರೆಗೆ ಎಂತೆಲ್ಲ ಆಯ್ತು, ನೀವೇ ಹೇಳಿ. ಅಕ್ಷಯಕ್ಕ, ನೀವು ಸ್ವಲ್ಪ ಸುಮ್ಮನಿರಿ ಆಯ್ತಾ."

"ನಾನು ಬಾಯಿ ತೆರೆದೇ ಇಲ್ಲ ಮಾರಾಯ್ತಿ" ಎಂದಳು ಅಕ್ಷಯಾ.

ಪ್ರಭಾವತಿಯಮ್ಮ ಸಾವಕಾಶವಾಗಿ ಹೇಳಿದರು. ಬಸದಿ, ಬೆಳಗಿನ ಸೂಜಿಮದ್ದು, ತಿಂಡಿ, ಮಧ್ಯಾಹ್ನದ ಊಟ, ನಿದ್ದೆ. ಇಳಿಹೊತ್ತಿಗೆ ಗಂಜಿ, ಹೆಸರುಬೇಳೆಯ ತೋವೆ. ಆಮೇಲೆ ಮಾತ್ರೆಗಳು. ಆಮೇಲೆ ಕಾಯಿಸಿ ಸೋಸಿದ ನೀರು, ಎರಡು ದೊಡ್ಡ ಚೆಂಬು.

"ಎರಡು ಚೆಂಬು ಒಟ್ಟಿಗೆಯಾ?"

"ಮತ್ತೆ ಬೆಳಗಿನವರೆಗೆ ಕುಡಿಯಲಿಕ್ಕಿಲ್ಲ ಅಲ್ವಾ. ತುಂಬಿಸಿ ಇಟ್ಟುಕೊಳ್ಳುವುದು. ಆಮೇಲೆ ಜಪ. ಮತ್ತೆ ಮಗ ಬರ್ತಾನೆ, ಸೂಜಿ ಹಾಕ್ತಾನೆ, ನಾನು ಮಲಗ್ತೇನೆ."

ಭವ್ಯಶ್ರೀ ತಲೆಯೆತ್ತಿ ಕೇಳಿದಳು: "ಮಗ ಬರುವುದು ಎಷ್ಟು ಹೊತ್ತಿಗೆ?"

ಬಾಗಿಲಲ್ಲಿ ನಿಂತಿದ್ದ ಸುಕುಮಾರ ಅಭಿಮಾನದಿಂದಲೇ ಹೇಳಿದ: "ಅಂಗಡಿ ಹಾಕಿ ಎಂಟಕ್ಕೆ ಬರ್ತೇನೆ. ಕಾಲು ತೊಳೆದು ಮೊದಲ ಕೆಲಸವೇ ಅದು. ರಾತ್ರಿ ಸೂಜಿಯನ್ನು ಇವತ್ತಿನವರೆಗೆ ಬೇರೆಯವರ ಕೈಯಲ್ಲಿ ಹಾಕಿಸಲಿಲ್ಲ. ಅದು ಬಾಯಿಗೆ ಹೋಗುವುದಲ್ಲವಲ್ಲ ಸಿಸ್ಟರ್, ವ್ರತಕ್ಕೆ ತೊಂದರೆ ಇಲ್ಲ. ಹಾಗಾಗಿ ಡಾಕ್ಟ್ರು ಹೇಳಿದ ಹೊತ್ತಿಗೇ ಹಾಕ್ತೇನೆ."

ಎಲ್ಲವೂ ಆ ಒಂದು ಮಾತಿನಲ್ಲಿತ್ತು. ಬಾಯಿಗೆ ಹೋಗುವುದನ್ನೆಲ್ಲ ವ್ರತಕ್ಕೆ ಹೊಂದಿಸಿ ಹಿಂದಕ್ಕೆ ತಂದಿದ್ದರು. ಬಾಯಿಗೆ ಹೋಗದುದನ್ನು ವೈದ್ಯನ ಮಾತಿಗೆ ಹೊಂದಿಸಿ ಇದ್ದಲ್ಲಿಯೇ ಇಟ್ಟಿದ್ದರು. ಊಟದ ಸಕ್ಕರೆಯನ್ನು ತಗ್ಗಿಸಲೆಂದು ಕೊಟ್ಟ ಇನ್ಸುಲಿನ್ ಮದ್ದು ಊಟದ ಸಕ್ಕರೆಯೆಲ್ಲ ಕರಗಿದ ಮೇಲೆ ಒಳಹೊಕ್ಕು, ಇರುಳೆಲ್ಲ ಖಾಲಿ ದೇಹದಲ್ಲಿ ಕೆಲಸಮಾಡುತ್ತಿತ್ತು. ನಸುಕಿನಲ್ಲಿ ಎಚ್ಚರವಾಗಿ ನಡುಗಿದರೂ ಆ ತಾಯಿ ಸೂರ್ಯೋದಯವನ್ನು ಕಾಯುತ್ತಿದ್ದರು. ಆಗ ಹೊಟ್ಟೆ ಸೇರಿದ ಕಾಫಿ ಅವರನ್ನೂ ಉಳಿಸುತ್ತಿತ್ತು, ರೋಗದ ಗುರುತನ್ನೂ ಅಳಿಸುತ್ತಿತ್ತು. ಸಂಜೆಯ ಎರಡು ಚೆಂಬು ನೀರು ಇರುಳಿನ ಉಸಿರಾಟಕ್ಕೆ ತೊಡಕಾಗಿತ್ತು. ನಿಷ್ಠೆಯಲ್ಲಿ ಯಾರೂ ಕಡಿಮೆಯಿರಲಿಲ್ಲ. ಊಟವನ್ನು ವಿಚಾರಿಸಿದ ತಾನು ಸೂಜಿಯನ್ನು ವಿಚಾರಿಸಲಿಲ್ಲವೆಂಬುದು ಭವ್ಯಶ್ರೀಗೆ ಮುಳ್ಳಿನಂತೆ ಚುಚ್ಚಿತು.

ಆಕೆ ಅದನ್ನು ಆದಷ್ಟು ಮೃದುವಾಗಿ ಬಿಡಿಸಿ ಹೇಳಿದಳು. ಸುಕುಮಾರನ ಮುಖ ಕಳೆಗುಂದಿತು. "ಅಂದ್ರೆ ನಾನೇ..." ಎಂದವನು ಅಂಗಳಕ್ಕಿಳಿದ.

"ಇದು ಸರಿಯಾದ್ರೆ ಅಮ್ಮ ಇಲ್ಲಿಯೇ ಇರಬಹುದು" ಎಂದು ಭವ್ಯಶ್ರೀ ಅವನ ಬೆನ್ನಿಗೆ ಹೇಳಿದಳು. "ಆ ಕೋಣೆಯವರಿಗೆ ಸ್ವಲ್ಪ ದಿನ ನಿಲ್ಲಲಿಕ್ಕೆ ಹೇಳಿ."

ಮರುದಿನವೇ ಮೂಡುಬಿದಿರೆಗೆ ಹೋದರು. ಮಧುಮೇಹದ ವೈದ್ಯ ಕುಶಾಲಪ್ಪನವರು ಎಲ್ಲವನ್ನೂ ಆಲಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದಕ್ಕೆ ಸುಲಭದ ದಾರಿ ಉಂಟಮ್ಮ. ಎಂಟು ಗಂಟೆಗೆ ಎರಡು ಚಪಾತಿ ತಿನ್ನಿ, ಎಲ್ಲ ಸರಿಯಾಗ್ತದೆ. ವ್ರತ ಎಲ್ಲ ಆರೋಗ್ಯ ಇದ್ದವರಿಗೆ."

"ಡಾಕ್ಟ್ರೇ, ನೀವು ಮಾಲೆ ಹಾಕಿ ಶಬರಿಮಲೆ ಹತ್ತುತ್ತೀರಲ್ಲ, ಆಗ ನಿಮ್ಮ ಬಿ.ಪಿ. ಮನೆಯಲ್ಲಿ ಬಿಟ್ಟು ಹೋಗುವುದಾ?" ಎಂದರು ಪ್ರಭಾವತಿಯಮ್ಮ.

ವೈದ್ಯರು ಗಟ್ಟಿಯಾಗಿ ನಕ್ಕರು. "ನನ್ನ ಗುಟ್ಟೆಲ್ಲ ವೇಣೂರಿನವರೆಗೆ ಗೊತ್ತುಂಟಾ! ಆಯ್ತು. ಸೂರ್ಯನನ್ನು ತಿರುಗಿಸಲಿಕ್ಕೆ ನನ್ನಿಂದಾಗುದಿಲ್ಲ, ಸೂಜಿಯನ್ನು ತಿರುಗಿಸುವ."

ಅವರು ಸಂಜೆಯ ಪ್ರಮಾಣವನ್ನು ತಗ್ಗಿಸಿ, ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೆ ಸ್ವಲ್ಪ ಮೊದಲು ಕೊಡುವಂತೆ ಬದಲಿಸಿದರು. ಹೃದಯದ ವೈದ್ಯರೊಡನೆ ಫೋನಿನಲ್ಲಿ ಮಾತಾಡಿ, ನೀರಿಳಿಸುವ ಮಾತ್ರೆಯನ್ನು ಬೆಳಗಿಗೆ ತಂದರು. ಕುಡಿಯುವ ನೀರನ್ನು ಭವ್ಯಶ್ರೀ ಒಂದು ಹೂಜಿಯಲ್ಲಿ ಅಳೆದಿಟ್ಟು ಇಡೀ ಹಗಲಿಗೆ ಹಂಚಿದಳು. "ಸಂಜೆಗೆ ಹೂಜಿಯಲ್ಲಿ ಉಳಿದಷ್ಟೇ, ಮತ್ತೆ ಕೇಳಲಿಕ್ಕಿಲ್ಲ" ಎಂದಳು. "ನೀನು ನನ್ನ ಅತ್ತೆಗಿಂತ ಕಷ್ಟ" ಎಂದರು ಪ್ರಭಾವತಿಯಮ್ಮ. ಸುಕುಮಾರ ಇಳಿಹೊತ್ತಿಗೆ ಅಂಗಡಿಯನ್ನು ಕೆಲಸದವರ ಕೈಗೆ ಬಿಟ್ಟು ಮನೆಗೆ ಬಂದು, ಸೂಜಿ ಹಾಕಿ ಮರಳುವ ಕ್ರಮವಿಟ್ಟುಕೊಂಡ. ಆ ಕೆಲಸವನ್ನು ಇನ್ನು ಹೆಂಡತಿಗೆ ವಹಿಸಬಹುದಲ್ಲವೇ ಎಂದು ಭವ್ಯಶ್ರೀ ಕೇಳಿದಾಗ, ಅವನು ಬೇಡವೆಂದು ತಲೆಯಲ್ಲಾಡಿಸಿದ. ಆಕೆ ಮತ್ತೆ ಆ ಮಾತೆತ್ತಲಿಲ್ಲ.

ಬೆಳಗಿನ ಮಂಕು ಹೋಯಿತು. ಕಾಲಿನ ಬಾವು ಇಳಿಯಿತು. ಉಸಿರಿಗೆಂದು ಬೆನ್ನಿಗಿಡುತ್ತಿದ್ದ ದಿಂಬುಗಳ ರಾಶಿಯಿಲ್ಲದೆ ನಿದ್ದೆ ಬಂತು. ಕೋಣೆಯವರಿಗೆ ಬೇಡವೆಂದು ಹೇಳಲು ಮಾತ್ರ ಸುಕುಮಾರ ಹಿಂಜರಿದ. ಇನ್ನೂ ಸ್ವಲ್ಪ ನೋಡುವ ಎಂದು ಮುಂದೂಡುತ್ತ ಬಂದ.

ಶ್ರಾವಣದ ಒಂದು ಸಂಜೆ. ಭವ್ಯಶ್ರೀ ಅದೇ ಊರಿನ ಸೇಸಮ್ಮನೆಂಬ ಇನ್ನೊಬ್ಬ ರೋಗಿಯ ಹುಣ್ಣಿಗೆ ಪಟ್ಟಿ ಕಟ್ಟಿ ಸ್ಕೂಟರು ಹತ್ತುವಾಗ ಅಕ್ಷಯಾಳ ಕರೆ ಬಂತು. ದನಿಯಲ್ಲಿ ಅಳುವಿತ್ತು. "ಅತ್ತೆ ಉಂಡಿಲ್ಲ ಸಿಸ್ಟರ್. ಸೂಜಿ ಹಾಕಿ ಆಗಿದೆ. ಉಂಡಿಲ್ಲ."

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಹೊರಗೆ ಮೋಡದ ಅಂಚಿನಲ್ಲಿದ್ದ ಕೆಂಪೂ ಆರಿತ್ತು. ನಡೆದದ್ದಿಷ್ಟು: ಸುಕುಮಾರ ವಾಡಿಕೆಯಂತೆ ಬಂದು ಸೂಜಿ ಹಾಕಿ ಅಂಗಡಿಗೆ ಮರಳಿದ್ದ. ಅಕ್ಷಯಾ ಗಂಜಿ ಬಡಿಸಿ ಕೊಟ್ಟಿಗೆಯ ಕಡೆ ಹೋಗಿದ್ದಳು. ಪ್ರಭಾವತಿಯಮ್ಮ ಮೊದಲ ತುತ್ತನ್ನು ಎತ್ತುವಾಗ ಗಂಜಿಯಲ್ಲಿ ಸತ್ತ ಇರುವೆಯೊಂದು ಕಂಡಿತು. ಉಣ್ಣುವ ಅನ್ನದಲ್ಲಿ ಸತ್ತ ಜೀವಿ ಕಂಡರೆ ಅಂದಿನ ಆ ಊಟವನ್ನು ಅಲ್ಲಿಗೇ ಬಿಟ್ಟೇಳುವುದು ವ್ರತಸ್ಥರು ಪಾಲಿಸುವ ನಿಯಮ, ಅದನ್ನು ಅಂತರಾಯವೆನ್ನುವರು. ಅವರು ಯಾರನ್ನೂ ಕರೆಯದೆ, ಯಾರ ಮೇಲೂ ಸಿಟ್ಟಾಗದೆ, ಕೈತೊಳೆದು ಜಪಕ್ಕೆ ಕುಳಿತಿದ್ದರು. ಅಕ್ಷಯಾ ಮರಳಿ ಬಂದು ತುಂಬಿದ ಬಟ್ಟಲನ್ನು ನೋಡುವಾಗ ಹೊತ್ತು ಕಂತಿತ್ತು.

ಭವ್ಯಶ್ರೀ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಇಳಿದಿತ್ತು, ಇನ್ನೂ ಇಳಿಯುವುದರಲ್ಲಿತ್ತು. ಹಣೆ ಬೆವರಿತ್ತು, ಜಪಮಣಿ ಹಿಡಿದ ಬೆರಳುಗಳು ನಡುಗುತ್ತಿದ್ದವು. ಕುಶಾಲಪ್ಪನವರಿಗೆ ಕರೆಮಾಡಿದಳು. ವಾಹನ ತರಿಸಿ, ಆಸ್ಪತ್ರೆಯಲ್ಲಿ ನರಕ್ಕೆ ಗ್ಲೂಕೋಸು ಕೊಡಬಹುದು. ಆದರೆ ಅಲ್ಲಿಯವರೆಗೆ ಕಾಯಬೇಡಿ, ನುಂಗುವ ಶಕ್ತಿಯಿರುವಾಗಲೇ ಬಾಯಿಗೆ ಸಕ್ಕರೆ ಕೊಡಿ ಎಂದರು ಅವರು. ಅಕ್ಷಯಾ ಸಕ್ಕರೆನೀರು ಕದಡಿ ತಂದಳು.

"ಅಮ್ಮ, ಇದನ್ನು ಕುಡಿಯಿರಿ."

"ಹೊತ್ತು ಕಂತಿತು ಮಗಳೇ."

"ಕುಡಿಯದಿದ್ರೆ ಇನ್ನು ಸ್ವಲ್ಪ ಹೊತ್ತಿಗೆ ಮಾತು ನಿಲ್ತದೆ. ಆಮೇಲೆ ಎಂತ ಬೇಕಾದ್ರೂ ಆದೀತು. ನಾನು ಹೆದರಿಸುವುದಲ್ಲ, ಇದ್ದದ್ದನ್ನು ಹೇಳುವುದು."

"ಗೊತ್ತುಂಟು. ನೀನು ಸುಳ್ಳು ಹೇಳುವವಳಲ್ಲ." ಅವರು ಲೋಟವನ್ನು ಮೆಲ್ಲನೆ ದೂರ ಸರಿಸಿದರು. "ಆಯುಷ್ಯ ಇದ್ದಷ್ಟು. ನನಗೆ ಅಂಜಿಕೆ ಇಲ್ಲ."

ತುಟಿಗೆ ಬಲವಂತವಾಗಿ ಹಿಡಿಯುವ ಕೈ ಭವ್ಯಶ್ರೀಯದಲ್ಲ. ಪ್ರಜ್ಞೆಯಿರುವವರು ಬೇಡವೆಂದ ಮೇಲೆ ದಾದಿಗೆ ಉಳಿಯುವುದು ಕೇಳುವುದೊಂದೇ. ಅದನ್ನು ಆಕೆ ಮತ್ತೊಮ್ಮೆ ಮಾಡಿದಳು. ಉತ್ತರ ಅದೇ.

ಅಷ್ಟರಲ್ಲಿ ಸುಕುಮಾರ ಓಡಿಬಂದ. ವಿಷಯ ದಾರಿಯಲ್ಲೇ ತಿಳಿದಿತ್ತು. ಹೊಸ್ತಿಲ ಒಳಗೆ ಬಂದವನು ಅಮ್ಮನ ಕಾಲ ಬಳಿ ನೆಲದ ಮೇಲೆ ಕುಳಿತ. ಮಗನಿಗೆ ಹೇಳಲು ಬಹಳವಿತ್ತು, ಹೇಳಿದ್ದು ಒಂದೇ.

"ಸೂಜಿ ಹಾಕಿದ್ದು ನಾನು ಅಮ್ಮ. ನೀನು ಉಂಡೆಯಾ ಅಂತ ನೋಡದೆ ಹೋದೆ."

ಪ್ರಭಾವತಿಯಮ್ಮ ಮಗನನ್ನು ನೋಡಿದರು. ಮಾತಾಡಿದಾಗ ಅವರ ನಾಲಿಗೆ ಆಗಲೇ ತುಸು ತೊದಲುತ್ತಿತ್ತು.

"ಒಂದು ಹುಳ ಸಾಯಬಾರದು ಅಂತ ಕತ್ತಲೆಯಲ್ಲಿ ಉಣ್ಣದವಳು ನಾನು. ನನ್ನನ್ನು ಕೊಂದೆ ಅಂತ ಇವನು ಬದುಕೆಲ್ಲ ಸುಡುವುದಾದ್ರೆ, ಅದು ಹಿಂಸೆಯಲ್ಲದೆ ಮತ್ತೆಂತದ್ದು? ತಾ ಭವ್ಯಾ."

ಅವರು ಕಣ್ಣುಮುಚ್ಚಿ ಪಂಚನಮಸ್ಕಾರ ಹೇಳಿಕೊಂಡು, ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಪೂರ್ತಿಯಾಗಿ ಕುಡಿದರು. ಮದ್ದು ಇನ್ನೂ ಕೆಲಸಮಾಡುತ್ತಿದ್ದುದರಿಂದ ಸ್ವಲ್ಪ ಅನ್ನವನ್ನೂ ಉಣ್ಣಬೇಕಾಯಿತು. ಅದನ್ನೂ ಉಂಡರು. ಅಕ್ಷಯಾ ಗೋಡೆಗೆ ಮುಖಮಾಡಿ ಅಳುತ್ತಿದ್ದಳು. ವಾಹನ ಬರುವಷ್ಟರಲ್ಲಿ ನಡುಕ ನಿಂತಿತ್ತು. ಕುಶಾಲಪ್ಪನವರು, ಸಕ್ಕರೆಯನ್ನು ಆಗಾಗ ನೋಡುತ್ತಿರಿ, ಕರೆತರುವ ಅಗತ್ಯವಿಲ್ಲ ಎಂದರು. ಪುನಃ ಏರಿ ನಿಲ್ಲುವವರೆಗೆ ಭವ್ಯಶ್ರೀ ಅಲ್ಲಿಂದ ಕದಲಲಿಲ್ಲ.

ಪ್ರಾಣ ಉಳಿಯಿತು. ಆದರೆ ಮರುದಿನ ಆಕೆ ಬಂದಾಗ ಪ್ರಭಾವತಿಯಮ್ಮ ತಮ್ಮ ಸೀರೆಗಳನ್ನು ಮಡಿಚಿ ಮಂಚದ ಮೇಲೆ ಇಟ್ಟಿದ್ದರು.

"ಮೂಡುಬಿದಿರೆಯ ಕೋಣೆಗೆ ಹೋಗ್ತೇನೆ" ಎಂದರು ಅವರು, ಹವೆಯನ್ನು ಕುರಿತು ಮಾತಾಡುವಂತೆ. "ವ್ರತಕ್ಕೆ ಅಂತ ಇಲ್ಲಿ ಹಟ ಹಿಡಿದದ್ದು. ಅದು ಹೋಯ್ತು. ಇನ್ನು ಇವರಿಬ್ಬರಿಗೆ ದಿನಾ ಅಂಜಿಕೆ ಯಾಕೆ? ಅಲ್ಲಿ ಏಳೂವರೆಗೆ ಉಂಡ್ರಾಯ್ತು."

ಸಕ್ಕರೆ ಇಳಿದುದಕ್ಕೆ ಭವ್ಯಶ್ರೀಯ ಬಳಿ ಉಪಾಯವಿತ್ತು. ಊಟಕ್ಕೆ ಮೊದಲು ಹಾಕುವ ಮದ್ದನ್ನು ಬಿಟ್ಟು, ಊಟ ಮುಗಿಸಿದೊಡನೆ ಹಾಕಬಹುದಾದ ಬೇರೊಂದು ಮದ್ದನ್ನು ಕುಶಾಲಪ್ಪನವರು ಬೆಳಗ್ಗೆಯೇ ಬರೆದುಕೊಟ್ಟಿದ್ದರು. ಇನ್ನು ಇರುವೆ ಸಿಕ್ಕಿದರೂ ಅಪಾಯವಿಲ್ಲ. ಉಂಡರೆ ಸೂಜಿ, ಉಣ್ಣದಿದ್ದರೆ ಫೋನು. ಆದರೆ ವ್ರತಭಂಗಕ್ಕೆ ದಾದಿಯ ಚೀಲದಲ್ಲಿ ಮದ್ದಿರಲಿಲ್ಲ. ತಾನು ಆ ಧರ್ಮದವಳೂ ಅಲ್ಲ, ಹೇಳಿದರೆ ಅಧಿಕಪ್ರಸಂಗವಾದೀತು. ಆಕೆ ಅಕ್ಷಯಾಳತ್ತ ನೋಡಿದಳು.

"ಚಾತುರ್ಮಾಸಕ್ಕೆ ಮಾತಾಜಿ ಬಂದಿದ್ದಾರಲ್ಲ ಅತ್ತೆ" ಎಂದಳು ಅಕ್ಷಯಾ. "ಅವರ ಹತ್ತಿರ ಒಂದು ಮಾತು ಹೇಳಿ ಹೋಗುವ. ಹೇಳದೆ ಹೋಗುವುದು ಸರಿಯಾ?"

ಬೆಳಗಾವಿ ಸೀಮೆಯಿಂದ ಬಂದು ಮಳೆಗಾಲದ ನಾಲ್ಕು ತಿಂಗಳಿಗೆ ಬಸದಿಯ ಬಳಿಯ ಛತ್ರದಲ್ಲಿ ನೆಲೆಸಿದ್ದ ಆರ್ಯಿಕೆ, ಎಂದರೆ ಜೈನ ಸಂನ್ಯಾಸಿನಿ, ಅವರು. ಬಿಳಿಯ ಸೀರೆ, ಪಕ್ಕದಲ್ಲಿ ನವಿಲುಗರಿಯ ಪಿಂಛಿ, ಕೃಶವಾದ ದೇಹ, ತೀಕ್ಷ್ಣವಾದ ಕಣ್ಣು. "ವಂದಾಮಿ ಮಾತಾಜಿ" ಎಂದು ಕೈಮುಗಿದು ಪ್ರಭಾವತಿಯಮ್ಮ ನಡೆದುದನ್ನೆಲ್ಲ ಒಂದೂ ಬಿಡದೆ ಹೇಳಿದರು. ಮಾತಾಜಿ ಕೇಳಿದ್ದು ಒಂದೇ ಪ್ರಶ್ನೆ.

"ಕುಡಿಯುವಾಗ ನಾಲಿಗಿ ಬೇಡಿತೇನು?"

"ಇಲ್ಲ ಮಾತಾಜಿ. ಮಗನ ಮುಖ ನೋಡಿ ಕುಡಿದೆ."

"ಹಂಗಾದ್ರ ದೋಷ ತಗಲೇದ, ವ್ರತ ಹೋಗಿಲ್ಲ. ಬಟ್ಟಿ ಹೊಲಸಾದ್ರ ಒಗೀಬೇಕು, ಸುಡಬೇಕೇನು? ಇದಕ್ಕ ಪ್ರಾಯಶ್ಚಿತ್ತ ಅದ." ಅನಂತರ ಅವರು ಬಾಗಿಲ ಹೊರಗೆ ನಿಂತಿದ್ದ ಭವ್ಯಶ್ರೀಯನ್ನು ಕರೆದರು. "ಬಾ ಅವ್ವ ಒಳಗ. ಈಕಿ ಮೈಯ ಲೆಕ್ಕ ನಿನಗ ಗೊತ್ತಂತಲ್ಲ. ಒಂದು ಉಪವಾಸ ತಡೀತಾಳೇನು?"

"ಇಲ್ಲ ಮಾತಾಜಿ."

"ಒಪ್ಪೊತ್ತು?"

"ಅದೂ ಬೇಡ. ಬೆಳಿಗ್ಗೆ ಸಂಜೆ ಸೂಜಿಮದ್ದು ಉಂಟು, ಊಟ ತಪ್ಪುವ ಹಾಗಿಲ್ಲ."

"ಹಂಗಾದ್ರ ರಸತ್ಯಾಗ ಕೊಡಬೇಕು. ಹಾಲು, ಮೊಸರು, ತುಪ್ಪ, ಎಣ್ಣಿ, ಸಕ್ರಿ, ಉಪ್ಪು. ಇದರಾಗ ಈಕಿ ಯಾವುದು ಬಿಟ್ರ ಮನಸಿಗೆ ಕಷ್ಟ, ಮೈಗೆ ಸುಖ? ನೀನ ಹೇಳು."

ಪ್ರಭಾವತಿಯಮ್ಮನ ಹೃದಯದ ವೈದ್ಯರು ವರ್ಷಗಳಿಂದ ಬೇಡಿಕೊಂಡರೂ ಆಗದಿದ್ದ ಒಂದು ಸಂಗತಿಯಿತ್ತು. ಸಂಜೆಯ ಗಂಜಿಗೆ ಮಾವಿನ ಮಿಡಿಯ ಉಪ್ಪಿನಕಾಯಿ ಇಲ್ಲದಿದ್ದರೆ ಅವರು ಬಟ್ಟಲನ್ನೇ ಮುಟ್ಟುವವರಲ್ಲ. ಭವ್ಯಶ್ರೀ ತಡೆದು ತಡೆದು ಹೇಳಿದಳು.

"ಉಪ್ಪು, ಮಾತಾಜಿ. ಆದ್ರೆ ಪೂರ್ತಿ ಬಿಟ್ರೆ ನಿತ್ರಾಣ ಆಗ್ತದೆ, ನೀರಿಳಿಸುವ ಮಾತ್ರೆ ತಗೊಳ್ಳುವುದರಿಂದ. ಸಂಜೆ ಊಟಕ್ಕೆ ಮಾತ್ರ ಸಾಕು."

ಪ್ರಭಾವತಿಯಮ್ಮ ತಿರುಗಿ ಆಕೆಯನ್ನು ಕಣ್ಣರಳಿಸಿ ನೋಡಿದರು. "ನೀವಿಬ್ಬರೂ ಮೊದಲೇ ಮಾತಾಡಿಕೊಂಡದ್ದಾ?"

"ನಾನು ಈಕಿನ್ನ ಇವತ್ತ ನೋಡಿದ್ದು" ಎಂದರು ಮಾತಾಜಿ. ಅವರ ತುಟಿಯಂಚಿನಲ್ಲಿ ನಗೆಯಂಥದೊಂದು ಸುಳಿದಂತಿತ್ತು. "ಚಾತುರ್ಮಾಸ ಮುಗಿಯೂತನಕ ಸಂಜೀ ಊಟಕ್ಕ ಉಪ್ಪಿಲ್ಲ, ಉಪ್ಪಿನಕಾಯಿನೂ ಇಲ್ಲ. ವ್ರತ ಮೊದಲಿನಂಗ ನಡೀಲಿ. ಮತ್ತ ಪ್ರಾಣಕ್ಕ ಬಂದ್ರ ಕುಡೀಬೇಕು, ಆಮ್ಯಾಲೆ ನನ್ನ ಹತ್ತರ ಬರಬೇಕು. ನಾ ಇರಲಿಲ್ಲಂದ್ರ ಜಿನೇಶ್ವರನ ಮುಂದ ಹೇಳಿಕೋ. ಕುಡೀದೆ ಮಾತ್ರ ಇರಬ್ಯಾಡ. ಮಗನ್ನ ನೋಯಿಸಿ ಉಳಿಸಿಕೊಳ್ಳುವ ವ್ರತ ನಾ ಯಾರಿಗೂ ಕೊಟ್ಟಿಲ್ಲ."

ಪ್ರಭಾವತಿಯಮ್ಮ ನೆಲಕ್ಕೆ ಹಣೆಯಿಡಲಾರದೆ, ಕುಳಿತಲ್ಲೇ ಬಾಗಿ ನಮಸ್ಕರಿಸಿದರು.

ಮನೆಯ ದಾರಿ ಹತ್ತೇ ಹೆಜ್ಜೆಯಷ್ಟು ಎನ್ನಬಹುದಾದರೂ ಅದನ್ನು ನಡೆಯಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಒಂದು ಕೈ ಅಕ್ಷಯಾಳ ಹೆಗಲ ಮೇಲೆ, ಇನ್ನೊಂದು ಭವ್ಯಶ್ರೀಯ ಮುಂಗೈಯಲ್ಲಿ. ನಡುವೆ ನಿಂತು ಉಸಿರು ತಿರುಗಿಸಿಕೊಳ್ಳುವಾಗಲೆಲ್ಲ ಅವರು ಹೊಸ ಮದ್ದಿನ ವಿಷಯವನ್ನು ವಿಚಾರಿಸುತ್ತಿದ್ದರು: ಉಂಡು ಕೈತೊಳೆದ ಮೇಲೆಯೇ ಸೂಜಿಯೋ, ಮೊಸರನ್ನ ಅರ್ಧ ಉಂಡರೆ ಎಷ್ಟು ಹಾಕಬೇಕು, ಅಷ್ಟಮಿಯ ದಿನ ಏನು ಮಾಡುವುದು? ಪ್ರಶ್ನೆಗಳು ಬರುತ್ತಿದ್ದುದನ್ನು ಕೇಳಿ ಭವ್ಯಶ್ರೀಗೆ ಎದೆ ಹಗುರಾಯಿತು. ಅಷ್ಟಮಿಗೆ ಉಪವಾಸದ ಮಾತು ಬೇಡ, ಉಳಿದದ್ದನ್ನು ಕೂತು ಬರೆಯುವ ಎಂದಳು.

ಸುಕುಮಾರ ಜಗಲಿಯಲ್ಲಿ ಕಾದಿದ್ದ. ಕೈಯಲ್ಲಿ ಫೋನು. ಮೂಡುಬಿದಿರೆಯಿಂದ ಎರಡು ಸಲ ಕರೆ ಬಂದಿತ್ತು. ಕೋಣೆ ಈ ವಾರ ಬೇಕೋ ಬೇಡವೋ ಎಂದು ಕೇಳಿದ್ದರು. ಅವನು ಹೆಂಡತಿಯನ್ನೂ ದಾದಿಯನ್ನೂ ನೋಡಿ, ಕೊನೆಗೆ ಅಮ್ಮನನ್ನು ನೋಡಿದ.

"ಅವರಿಗೆ ಎಂತ ಹೇಳುವುದಮ್ಮ?"

ಪ್ರಭಾವತಿಯಮ್ಮ ಮೆಟ್ಟಿಲ ಮೇಲೆ ಕುಳಿತು ಮೊಣಕಾಲನ್ನು ಉಜ್ಜಿಕೊಂಡರು.

"ಪಾಪ, ಅಲ್ಲಿಗೆ ಹೋಗಲಿಕ್ಕೆ ಯಾರಾದ್ರೂ ಕಾಯ್ತಾ ಇರಬಹುದು" ಎಂದರು. "ನಮ್ಮಿಂದ ಆ ಕೋಣೆ ಖಾಲಿ ಬೀಳುವುದು ಬೇಡ. ಬೇರೆಯವರಿಗೆ ಕೊಡಿ ಅಂತ ಈಗಲೇ ಹೇಳಿಬಿಡು."